ಬೀಳಗಿಯ ದನಿ, ಬಂಕರಿನ ರೇಡಿಯೊ

ಲತಾ ಮಂಗೇಶ್ಕರ್ ಹಾಡಿದ ‘ಏ ಮೇರೆ ವತನ್ ಕೆ ಲೋಗೋ’ ಯಾರಿಗೆ ಗೊತ್ತಿಲ್ಲ ಹೇಳಿ? ಆಗಸ್ಟ್ 15, ಜನವರಿ 26 ಬಂತೆಂದರೆ ಶಾಲೆಯ ಮೈಕಿನಿಂದ ಹಿಡಿದು ಪಂಚಾಯಿತಿ ಕಟ್ಟೆಯವರೆಗೂ ಅದೇ ಹಾಡು. ಬರೆದವರು ಕವಿ ಪ್ರದೀಪ್ ಎಂಬುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಬಾಯಿಪಾಠ. ಆದರೆ ಅದಕ್ಕೂ ಇಪ್ಪತ್ತು ವರ್ಷ ಮೊದಲು, ಇನ್ನೊಂದು ಯುದ್ಧದ ನಡುವೆ, ಇದೇ ಪ್ರದೀಪ್ ಬರೆದ ಮತ್ತೊಂದು ಹಾಡಿಗೆ ದನಿ ಕೊಟ್ಟವರು ನಮ್ಮ ಪಕ್ಕದ ಬೀಳಗಿಯ ಹೆಣ್ಣುಮಗಳು ಅಂದರೆ ನನ್ನ ಕಾಲೇಜಿನ ಗೆಳೆಯರು ನಂಬಲಿಲ್ಲ. ಗೂಗಲ್ ಮಾಡಿ ನೋಡಿದ ಮೇಲೆ ನಂಬಿದರು.

ಅವರ ಹೆಸರು ಅಮೀರಬಾಯಿ ಕರ್ನಾಟಕಿ. ಹಾಡುವ ಮನೆತನದಲ್ಲಿ ಹುಟ್ಟಿದವರು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗಿದ್ದ ಕಲಾವಿದೆ. ಅಮೀರಬಾಯಿ ಮುಂಬೈಗೆ ಹೋಗಿ ಸಿನಿಮಾ ಸೇರಿದರು. ನಟಿಸಿದರು, ಹಾಡಿದರು. ಲತಾ ಬರುವುದಕ್ಕಿಂತ ಮೊದಲಿನ ಹಿಂದಿ ಸಿನಿಮಾದ ದೊಡ್ಡ ದನಿಗಳಲ್ಲಿ ಒಂದಾದರು. ವಿಜಯಪುರಕ್ಕೆ ಹೋದವರು ಅಮೀರ್ ಟಾಕೀಸಿನ ಹೆಸರು ಕೇಳಿರುತ್ತೀರಿ, ಅದು ಇವರ ಹೆಸರೇ. ರಹಮತ್ ತರೀಕೆರೆಯವರು ಕನ್ನಡದಲ್ಲಿ ಇವರ ಜೀವನ ಚರಿತ್ರೆ ಬರೆದಿದ್ದಾರೆ. ಹೆಸರಿನ ಜೊತೆಗೇ ನಾಡನ್ನು ಕಟ್ಟಿಕೊಂಡು ಮುಂಬೈಯಲ್ಲಿ ಮೆರೆದ ಗಾಯಕಿಯ ಬಗ್ಗೆ ನಮ್ಮ ಜಿಲ್ಲೆಯ ಹುಡುಗರಿಗೆ ಒಂದು ಸಾಲೂ ಗೊತ್ತಿಲ್ಲದಿರುವುದು ನನಗಂತೂ ಬೇಜಾರಿನ ಸಂಗತಿ.

1943ರ ಜನವರಿಯಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಸಿನಿಮಾ ಬಿಡುಗಡೆಯಾಯಿತು. ಅಶೋಕ್ ಕುಮಾರ್ ನಾಯಕ, ಮುಮ್ತಾಜ್ ಶಾಂತಿ ನಾಯಕಿ, ಅನಿಲ್ ಬಿಸ್ವಾಸ್ ಸಂಗೀತ. ಆಗಿನ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಎರಡನೇ ಮಹಾಯುದ್ಧ ನಡೆದಿತ್ತು. ಜಪಾನಿನ ಸೈನ್ಯ ಬರ್ಮಾವನ್ನು ನುಂಗಿ ನಮ್ಮ ಪೂರ್ವದ ಗಡಿಗೆ ಬಂದು ನಿಂತಿತ್ತು. ಇತ್ತ 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾಗಿ ಗಾಂಧೀಜಿ ಸೇರಿದಂತೆ ನಾಯಕರೆಲ್ಲ ಜೈಲು ಸೇರಿದ್ದರು. ಇಂಥ ಹೊತ್ತಿನಲ್ಲಿ ಪರದೆಯ ಮೇಲೆ ಒಂದು ನಾಟಕದ ರಂಗಸ್ಥಳ. ಅದರ ಮೇಲೆ ಗುಂಪು ನಿಂತು, ಪರಕೀಯರಿಗೆ ದೂರ ಸರಿಯಿರಿ ಎಂದು ಹೇಳುವ ಹಾಡು. ‘ದೂರ್ ಹಟೋ’ ಅಂತಲೇ ಜನ ಅದನ್ನು ಕರೆಯುತ್ತಿದ್ದರು. ಹಾಡಿದವರು ಅಮೀರಬಾಯಿ, ಖಾನ್ ಮಸ್ತಾನಾ ಮತ್ತು ಸಂಗಡಿಗರು.

ಬ್ರಿಟಿಷ್ ಸೆನ್ಸಾರ್ ಇದನ್ನು ಹೇಗೆ ಬಿಟ್ಟಿತು? ಇಲ್ಲೇ ಪ್ರದೀಪ್ ಅವರ ಜಾಣತನ ಇರುವುದು. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರಿದೆ, ಅವರಿಗೆ ತಲೆಬಾಗಬೇಡಿ ಎನ್ನುವ ಮಾತಿದೆ. ಸೆನ್ಸಾರಿನವರ ಕಣ್ಣಿಗೆ ಇದು ಯುದ್ಧಕ್ಕೆ ಹುರುಪು ತುಂಬುವ ಹಾಡು, ಸರ್ಕಾರಕ್ಕೆ ಬೇಕಾದದ್ದೇ. ಟಾಕೀಸಿನಲ್ಲಿ ಕುಂತ ಜನರಿಗೆ ಮಾತ್ರ ದೂರ ಸರಿಯಬೇಕಾದವರು ಯಾರು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಡು ಮುಗಿದ ಮೇಲೆ ಜನ ಗದ್ದಲ ಎಬ್ಬಿಸಿ, ರೀಲು ಹಿಂದಕ್ಕೆ ಸುತ್ತಿಸಿ ಮತ್ತೆ ಹಾಡು ಹಾಕಿಸಿಕೊಂಡದ್ದುಂಟು. ಕೋಲ್ಕತ್ತದ ರಾಕ್ಸಿ ಟಾಕೀಸಿನಲ್ಲಿ ಈ ಸಿನಿಮಾ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ತಡವಾಗಿ ಎಚ್ಚೆತ್ತ ಸರ್ಕಾರ ಬಂಧಿಸಬಹುದೆಂದು ಪ್ರದೀಪ್ ಕೆಲವು ಕಾಲ ತಲೆಮರೆಸಿಕೊಳ್ಳಬೇಕಾಯಿತು.

ನನಗೆ ಇದಕ್ಕಿಂತ ಕುತೂಹಲದ ಸಂಗತಿ ಅದೇ ಸಿನಿಮಾದಲ್ಲಿ ಇನ್ನೊಂದಿದೆ. ‘ಕಿಸ್ಮತ್’ನಲ್ಲಿ ಅಮೀರಬಾಯಿ ಒಂದು ಜೋಗುಳದಂಥ ಹಾಡನ್ನೂ ಹಾಡಿದ್ದಾರೆ. ಮಲಗಿದವರು ಏಳಬಾರದು, ಮೋಡವೇ ಮೆಲ್ಲಗೆ ಬಾ ಎನ್ನುವ ಭಾವ. ಯೂಟ್ಯೂಬಿನಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಒಂದರಲ್ಲಿ ಗುಡುಗು, ಇನ್ನೊಂದರಲ್ಲಿ ತೊಟ್ಟಿಲ ದನಿ. ಹಾಡಿದ ಗಂಟಲು ಒಂದೇ. ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಮರಳುಗಾಡಿನಲ್ಲಿ, ಇಟಲಿಯ ಗುಡ್ಡಗಳಲ್ಲಿ, ಬರ್ಮಾದ ಕಾಡಿನಲ್ಲಿ ಇದ್ದ ಅವರ ಕೈಗೆ ಒಂದು ಗ್ರಾಮಫೋನ್ ಮತ್ತು ಈ ಎರಡು ಹಾಡು ಕೊಟ್ಟು ‘ಒಂದೇ ಆರಿಸು’ ಎಂದಿದ್ದರೆ ಯಾವುದನ್ನು ಆರಿಸುತ್ತಿದ್ದರು? ಗುಡುಗನ್ನೇ ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಯುದ್ಧದ ಹಾಡುಗಳ ಕಥೆಯನ್ನು ಓದುತ್ತ ಹೋದಂತೆ ಉತ್ತರ ಬೇರೆಯೇ ಸಿಗುತ್ತದೆ.

ಇಂಗ್ಲೆಂಡಿನ ವೇರಾ ಲಿನ್ ಕಥೆ ನೋಡಿ. 1917ರಲ್ಲಿ ಹುಟ್ಟಿದ ಈ ಹುಡುಗಿ ಯುದ್ಧ ಶುರುವಾದ 1939ರಲ್ಲಿ ‘ವಿ ವಿಲ್ ಮೀಟ್ ಅಗೇನ್’ ಹಾಡಿದಳು. ಅದರಲ್ಲಿ ಶತ್ರುವಿನ ಸುದ್ದಿಯೇ ಇಲ್ಲ. ಮತ್ತೆ ಭೇಟಿಯಾಗುತ್ತೇವೆ ಎನ್ನುವ ಒಂದು ನಂಬಿಕೆ, ಅಷ್ಟೇ. 1941ರಲ್ಲಿ ಬಿಬಿಸಿ ಅವಳಿಗೆ ಒಂದು ರೇಡಿಯೊ ಕಾರ್ಯಕ್ರಮ ಕೊಟ್ಟಿತು. ಅವಳು ಏನು ಮಾಡುತ್ತಿದ್ದಳು ಗೊತ್ತೇ? ಆಸ್ಪತ್ರೆಗೆ ಹೋಗಿ ಆಗತಾನೆ ಹೆತ್ತ ತಾಯಂದಿರನ್ನು ಮಾತಾಡಿಸಿ, ದೂರದಲ್ಲಿದ್ದ ಸೈನಿಕನಿಗೆ ರೇಡಿಯೊದಲ್ಲಿ ‘ನಿನಗೆ ಮಗು ಹುಟ್ಟಿದೆ’ ಎಂದು ಸುದ್ದಿ ಮುಟ್ಟಿಸುತ್ತಿದ್ದಳು. ನಡುನಡುವೆ ಹಾಡು.

ಇದು ಲಂಡನ್ನಿನ ಕೆಲವು ದೊಡ್ಡ ಮನುಷ್ಯರಿಗೆ ಹಿಡಿಸಲಿಲ್ಲ. ಇಂಥ ಅಳುಬುರುಕ ಹಾಡು ಕೇಳಿದರೆ ಸೈನಿಕರು ಮೆತ್ತಗಾಗುತ್ತಾರೆ, ಮನೆ ನೆನಪಾಗಿ ಕೈ ನಡುಗುತ್ತದೆ, ಅವರಿಗೆ ಬೇಕಿರುವುದು ವೀರಾವೇಶದ ಹಾಡು ಎಂಬುದು ಅವರ ವಾದ. 1942ರಲ್ಲಿ ಬಿಬಿಸಿ ಅತಿಭಾವುಕ ಹಾಡುಗಳಿಗೆ ಕಡಿವಾಣ ಹಾಕುವ ನಿಯಮವನ್ನೇ ಮಾಡಿತು. ಸೈನಿಕರು ಮಾತ್ರ ವೇರಾಳಿಗೇ ಪತ್ರ ಬರೆಯುತ್ತಿದ್ದರು. 1944ರಲ್ಲಿ ಅವಳು ಈಜಿಪ್ಟ್, ಭಾರತ ದಾಟಿ ಬರ್ಮಾ ಗಡಿಗೇ ಬಂದಳು. ಅಲ್ಲಿದ್ದ 14ನೇ ಸೈನ್ಯವನ್ನು ಜನ ‘ಮರೆತುಹೋದ ಸೈನ್ಯ’ ಎನ್ನುತ್ತಿದ್ದರು. ಪತ್ರಿಕೆಗಳ ಗಮನವೆಲ್ಲ ಯುರೋಪಿನ ಕಡೆ ಇದ್ದುದರಿಂದ ಬಂದ ಹೆಸರದು. ಆ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರು. ಕಾಡಿನ ಸೆಕೆ, ಮಲೇರಿಯಾ, ಶ್ರುತಿ ತಪ್ಪುವ ಪಿಯಾನೊ ಇವುಗಳ ನಡುವೆ ಅವಳು ಹಾಡಿದಳು. ಅಲ್ಲಿದ್ದವರಿಗೆ ಅವಳು ದೊಡ್ಡ ತಾರೆ ಎನ್ನುವುದಕ್ಕಿಂತ ಮುಖ್ಯವಾದದ್ದು, ಮನೆಯ ಕಡೆಯಿಂದ ಒಬ್ಬರು ಅಷ್ಟು ದೂರ ಬಂದರಲ್ಲ ಎಂಬುದು.

ಶತ್ರು ಪಾಳೆಯದಲ್ಲೂ ಇದೇ ಕಥೆ. ‘ಲಿಲಿ ಮಾರ್ಲೀನ್’ ಎಂಬ ಜರ್ಮನ್ ಹಾಡನ್ನು ಲಾಲೆ ಆಂಡರ್ಸನ್ ಎಂಬ ಗಾಯಕಿ 1939ರಲ್ಲಿ ರೆಕಾರ್ಡ್ ಮಾಡಿದ್ದಳು. ಯಾರೂ ಕೊಳ್ಳಲಿಲ್ಲ. 1941ರಲ್ಲಿ ಜರ್ಮನರು ಬೆಲ್‌ಗ್ರೇಡ್ ರೇಡಿಯೊ ಕೇಂದ್ರವನ್ನು ಹಿಡಿದಾಗ ಅಲ್ಲಿ ಹಾಕಲು ರೆಕಾರ್ಡುಗಳೇ ಕಡಿಮೆ ಇದ್ದವು, ಇದ್ದುದರಲ್ಲಿ ಇದನ್ನೂ ಹಾಕಿದರು. ಬ್ಯಾರಕ್ಕಿನ ಬಾಗಿಲ ದೀಪದ ಕೆಳಗೆ ಹುಡುಗಿಯನ್ನು ಬೀಳ್ಕೊಟ್ಟ ಸೈನಿಕನ ನೆನಪಿನ ಹಾಡು ಅದು. ರಾತ್ರಿ 9 ಗಂಟೆ 55 ನಿಮಿಷಕ್ಕೆ ಪ್ರತಿದಿನ ಬರತೊಡಗಿತು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಜರ್ಮನ್ ಸೈನಿಕರು ಕಾದು ಕುಳಿತು ಕೇಳುತ್ತಿದ್ದರು. ಎದುರಿನ ಬ್ರಿಟಿಷ್ 8ನೇ ಸೈನ್ಯದವರೂ ಅದೇ ಹೊತ್ತಿಗೆ ಅದೇ ಕೇಂದ್ರಕ್ಕೆ ಮುಳ್ಳು ತಿರುಗಿಸುತ್ತಿದ್ದರು. ನಮ್ಮ 4ನೇ ಭಾರತೀಯ ಡಿವಿಜನ್ ಕೂಡ ಅದೇ ಮರಳುಗಾಡಿನಲ್ಲಿತ್ತು. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಈ ಹಾಡು ಕಂಡರೆ ಆಗುತ್ತಿರಲಿಲ್ಲ, ಲಂಡನ್ನಿನ ದೊಡ್ಡ ಮನುಷ್ಯರ ಹಾಗೆಯೇ. ಈ ಒಂದು ವಿಷಯದಲ್ಲಿ ಎರಡೂ ಕಡೆಯ ಕುರ್ಚಿಗಳಿಗೆ ಒಮ್ಮತವಿತ್ತು ನೋಡಿ.

ನಾನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಶನ್ ಓದುತ್ತಿರುವುದರಿಂದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಯುರೋಪಿನ ರೇಡಿಯೊ ಕೇಂದ್ರ ಸಮುದ್ರ ದಾಟಿ ಆಫ್ರಿಕಾದಲ್ಲಿ ಕೇಳಿಸಿದ್ದು ಹೇಗೆ? ಭೂಮಿಯ ಮೇಲೆ ಬಹಳ ಎತ್ತರದಲ್ಲಿ ಅಯಾನುಗೋಳ ಎಂಬ ಪದರಗಳಿವೆ. ಹಗಲು ಹೊತ್ತು ಅದರ ಕೆಳಗಿನ ಪದರ ಮೀಡಿಯಂ ವೇವ್ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗುತ್ತದೆ, ತರಂಗಗಳು ಮೇಲಿನ ಪದರಕ್ಕೆ ಬಡಿದು ಚೆಂಡಿನಂತೆ ಪುಟಿದು ಸಾವಿರಾರು ಕಿಲೋಮೀಟರ್ ದೂರ ಬೀಳುತ್ತವೆ. ರಾತ್ರಿ ರೇಡಿಯೊದಲ್ಲಿ ಯಾವುದೋ ದೇಶದ ಮಾತು ಕೇಳಿಸುತ್ತದೆ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದು ಇದನ್ನೇ. ಸಿಲೆಬಸ್ಸಿನಲ್ಲಿ ಇದು ಐದು ಅಂಕದ ಪ್ರಶ್ನೆ. ಗುಂಡಿನ ಸದ್ದು ನಿಂತು, ಊರು ನೆನಪಾಗುವ ಹೊತ್ತಿಗೇ ಆಕಾಶವೂ ದಾರಿ ಬಿಟ್ಟುಕೊಡುತ್ತಿತ್ತು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹಾಗಂತ ಹುರುಪಿನ ಹಾಡಿಗೆ ಕೆಲಸವೇ ಇಲ್ಲ ಅಂತಲ್ಲ. ಹೆಜ್ಜೆ ಹಾಕುವಾಗ ತಾಳ ಬೇಕೇ ಬೇಕು. ಸುಭಾಷರ ಆಜಾದ್ ಹಿಂದ್ ಫೌಜಿಗೆ ನಡೆಯುವ ಹಾಡು ಕಟ್ಟಿಕೊಟ್ಟ ಕ್ಯಾಪ್ಟನ್ ರಾಮಸಿಂಗ್ ಠಾಕೂರಿ ಸ್ವತಃ ಸೈನಿಕ. ಆ ರಾಗ ಇಂದಿಗೂ ಭಾರತೀಯ ಸೇನೆಯ ಬ್ಯಾಂಡಿನಲ್ಲಿ ಉಳಿದಿದೆ. ದಣಿದ ಕಾಲನ್ನು ಎತ್ತಿ ಇಡಿಸುವ ಶಕ್ತಿ ತಾಳಕ್ಕಿದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ ತೂಗುಸೇತುವೆ ದಾಟುತ್ತಿದ್ದ ಸೈನಿಕರಿಗೆ ಸೇತುವೆ ತೂಗುತ್ತಿರುವುದು ಮಜಾ ಅನ್ನಿಸಿ, ನಡಿಗೆಯ ರಾಗವೊಂದನ್ನು ಸಿಳ್ಳೆ ಹಾಕುತ್ತ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದರು. ಸೇತುವೆ ಕಳಚಿ ನದಿಗೆ ಬಿತ್ತು! ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಸೇತುವೆ ಬಂದರೆ ತಾಳ ಮುರಿದು ನಡೆಯಿರಿ ಎಂಬ ಆದೇಶ ಬ್ರಿಟಿಷ್ ಸೈನ್ಯದಲ್ಲಿ ಬಂದದ್ದು ಆಮೇಲೆ. ಅನುರಣನ ಪಾಠ ಮಾಡುವಾಗ ಮೇಷ್ಟ್ರು ಹೇಳುವ ಉದಾಹರಣೆ ಇದು. ಇಡೀ ತರಗತಿ ನಿದ್ದೆಯಿಂದ ಏಳುವುದು ಇಲ್ಲಿ ಮಾತ್ರ.

ನಮ್ಮ ನೆಲದ ಹಾಡುಗಾರರು ಏನು ಮಾಡಿದರು ಅಂತ ಕೇಳಿದರೆ ಮುಧೋಳದವನಿಗೆ ಮೊದಲು ನೆನಪಾಗುವುದು ಹಲಗಲಿ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಆ ಲಾವಣಿ ಓದಿದ್ದೇವೆ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. 19 ಜನರನ್ನು ಮುಧೋಳದಲ್ಲಿ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಆ ಸೋಲನ್ನು ಲಾವಣಿಕಾರರು ಹಾಡು ಮಾಡಿ ಊರೂರು ಹಾಡಿದರು. ಅದನ್ನು ಬರೆಸಿಕೊಂಡು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ ಜಾನ್ ಫ್ಲೀಟ್ ಎಂಬುದು ಇತಿಹಾಸದ ಒಂದು ತಮಾಷೆ. ಈ ಲಾವಣಿ ಯುದ್ಧಕ್ಕೆ ಮೊದಲು ಹುಟ್ಟಿದ್ದಲ್ಲ, ಎಲ್ಲ ಮುಗಿದ ಮೇಲೆ ಹುಟ್ಟಿದ್ದು. ಸತ್ತವರ ಹೆಸರು ಮಣ್ಣಾಗದಂತೆ ಹಿಡಿದಿಟ್ಟಿದ್ದು ಅದರ ಕೆಲಸ. ಬೇಡರನ್ನು ಹೊಗಳಿ ಅಟ್ಟಕ್ಕೇರಿಸುವ ಹಾಡು ಎಂದುಕೊಂಡು ಓದಿದರೆ ನಿರಾಸೆಯಾಗುತ್ತದೆ. ಅದರಲ್ಲಿ ಲೂಟಿಯಾದ ಮನೆಯ ಸಾಮಾನಿನ ಪಟ್ಟಿಯೇ ಉದ್ದಕ್ಕೆ ಬರುತ್ತದೆ. ಪರೀಕ್ಷೆಗೆ ಓದುವಾಗ ಆ ಪಟ್ಟಿ ಬೇಸರ ತರಿಸಿತ್ತು. ಈಗ ಆ ಹಾಡಿನ ಜೀವವೇ ಅಲ್ಲಿದೆ ಅನ್ನಿಸುತ್ತದೆ, ಅದು ಮನೆ ಕಳೆದುಕೊಂಡವರ ಪಟ್ಟಿ.

ಈಗ ಮತ್ತೆ ಪ್ರದೀಪ್ ಕಡೆ ಬರೋಣ. 1962ರಲ್ಲಿ ಚೀನಾ ಜೊತೆಗಿನ ಯುದ್ಧದಲ್ಲಿ ನಾವು ಸೋತೆವು. 1963ರ ಜನವರಿ 27ರಂದು ದೆಹಲಿಯಲ್ಲಿ, ನೆಹರೂ ಎದುರು, ಲತಾ ಆ ಹೊಸ ಹಾಡು ಹಾಡಿದರು. ಸಂಗೀತ ಸಿ. ರಾಮಚಂದ್ರ ಅವರದು. ನೆಹರೂ ಕಣ್ಣಲ್ಲಿ ನೀರು ಬಂತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ‘ದೂರ್ ಹಟೋ’ ಬರೆದ ಅದೇ ಕೈ ಈ ಸಲ ಒಂದು ಗುಡುಗನ್ನೂ ಬರೆಯಲಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ವಿಷಯ. ಮರಳಿ ಬಾರದವರನ್ನು ನೆನೆದು ಸ್ವಲ್ಪ ಅತ್ತುಬಿಡಿ ಎಂದಷ್ಟೇ ಆ ಹಾಡು ಕೇಳಿತು. ಅದರಿಂದ ಬರುವ ಸಂಭಾವನೆ ಯೋಧರ ವಿಧವೆಯರಿಗೆ ಹೋಗಲಿ ಎಂದು ಪ್ರದೀಪ್ ಹೇಳಿದ್ದರು. ಆ ಬಾಕಿ ಹಣ ಕೊಡುವಂತೆ ರೆಕಾರ್ಡ್ ಕಂಪನಿಗೆ 2005ರಲ್ಲಿ ಬಾಂಬೆ ಹೈಕೋರ್ಟ್ ಆದೇಶ ಮಾಡಬೇಕಾಯಿತು. ಹಾಡಿಗೆ ಚಪ್ಪಾಳೆ ತಟ್ಟುವುದು ಸುಲಭ, ಹಣ ಕೊಡುವುದಕ್ಕೆ 42 ವರ್ಷ ಬೇಕು! ಅಂದಹಾಗೆ ಲತಾ ಹಾಡಿದ ಆ ದಿನ ಅಮೀರಬಾಯಿ ಬದುಕಿದ್ದರು. ಅವರು ತೀರಿಕೊಂಡದ್ದು 1965ರಲ್ಲಿ.

ದೆಹಲಿಯ ಹಾಡು ದೇಶದ ಜನರಿಗೆ. ಗಡಿಯಲ್ಲಿ ಇದ್ದವರ ಬಳಿಗೇ ಹೋದವರೂ ಇದ್ದರು. ಸುನಿಲ್ ದತ್ ಮತ್ತು ನರ್ಗಿಸ್ ‘ಅಜಂತಾ ಆರ್ಟ್ಸ್’ ಎಂಬ ತಂಡ ಕಟ್ಟಿ ಹಾಡುಗಾರರನ್ನು, ನಟರನ್ನು ಕರೆದುಕೊಂಡು ದುರ್ಗಮ ಗಡಿಗಳಿಗೆ ಹೋಗಿ ಸೈನಿಕರ ಎದುರು ಕಾರ್ಯಕ್ರಮ ಕೊಟ್ಟರು. 1971ರ ಯುದ್ಧ ಮುಗಿದ ಬೆನ್ನಿಗೇ ಈ ತಂಡ ಬಾಂಗ್ಲಾದೇಶಕ್ಕೆ ಹೋದಾಗ ಲತಾ ಕೂಡ ಜೊತೆಗಿದ್ದರು, ಸೈನ್ಯದ ವಿಮಾನದಲ್ಲಿ ಓಡಾಡಿದರು.

ಆದರೆ ತಾರೆಯರು ವರ್ಷಕ್ಕೊಮ್ಮೆ ಬಂದಾರು. ದಿನಾ ಬರುತ್ತಿದ್ದುದು ರೇಡಿಯೊ. 1957ರ ಅಕ್ಟೋಬರ್ 3ರಂದು ಶುರುವಾದ ವಿವಿಧ ಭಾರತಿಯಲ್ಲಿ ‘ಜಯಮಾಲಾ’ ಎಂಬ ಕಾರ್ಯಕ್ರಮ ಫೌಜಿಗಳಿಗೆಂದೇ ಇದೆ. ಸೈನಿಕರು ಪತ್ರ ಬರೆದು ಹಾಡು ಕೇಳುತ್ತಾರೆ, ಉದ್ಘೋಷಕರು ಅವರ ಹೆಸರು ಓದಿ ಹಾಡು ಹಾಕುತ್ತಾರೆ. ಶನಿವಾರದ ವಿಶೇಷ ಜಯಮಾಲಾವನ್ನು ಸಿನಿಮಾದವರೇ ಬಂದು ನಡೆಸಿಕೊಡುತ್ತಿದ್ದರು.

ಇದರ ಬಗ್ಗೆ ಪುಸ್ತಕಕ್ಕಿಂತ ಹೆಚ್ಚು ನನಗೆ ಹೇಳಿದವರು ನನ್ನ ಸೋದರಮಾವ. ಸೈನ್ಯದಲ್ಲಿ ಲಾರಿ ಚಾಲಕರಾಗಿದ್ದವರು, 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಆ ಕಡೆಯ ರಸ್ತೆಗಳಲ್ಲೇ ಇದ್ದರು. ಈಗ ಊರಲ್ಲಿ ಕಬ್ಬು ಮಾಡಿಕೊಂಡಿದ್ದಾರೆ. ಯುದ್ಧದ ಬಗ್ಗೆ ಕೇಳಿದರೆ ಮಾತು ಹಾರಿಸುತ್ತಾರೆ. ಹಾಡಿನ ಬಗ್ಗೆ ಕೇಳಿದಾಗ ಮಾತ್ರ ಬಾಯಿಬಿಟ್ಟರು.

‘ಮಾಮಾ, ನೀವು ಅಲ್ಲಿ ದೇಶಭಕ್ತಿ ಹಾಡು ಭಾಳ ಕೇಳ್ತಿದ್ರೇನು?’ ಅಂದೆ.

‘ಏ ಅಳಿಯಾ, ದೇಶಭಕ್ತಿ ಐತಿ ಅಂತನ ಅಲ್ಲಿ ಕುಂತಿದ್ವಿ. ಅದನ್ನ ಮತ್ತ ಹಾಡಿನ್ಯಾಗ ಕೇಳೂದೇನೈತಿ?’ ಅಂದರು. ‘ನಮಗ ಬೇಕಾಗಿದ್ದು ಊರು. ಜಯಮಾಲಾಕ್ಕ ಕಾರ್ಡು ಬರಿತಿದ್ವಿ. ಹಾಡು ಯಾವ್ದರ ಆಗ್ಲಿ, ಹೆಸರು ಓದಿದ್ರ ಸಾಕಾಗಿತ್ತು. ಒಮ್ಮೆ ನನ್ನ ಹೆಸರು ಬಂತು. ಮುಧೋಳ ಅನ್ನಾಕ ಮುಧೋಲ್ ಅಂದ್ಲು ಆಕಿ. ಆದ್ರೂ ನಮ್ಮೂರಿನ ಹೆಸರು ಅಲ್ಲಿತನಕ ಬಂತಲ್ಲ!’

ಆಮೇಲೆ ಕ್ಯಾಸೆಟ್ಟಿನ ಕಥೆ ಹೇಳಿದರು. ಆಗ ಮೊಬೈಲ್ ಇರಲಿಲ್ಲ, ಎಸ್‌ಟಿಡಿ ಬೂತಿನ ಮುಂದೆ ಉದ್ದದ ಸಾಲು, ಪತ್ರ ಮುಟ್ಟಲು ವಾರಗಟ್ಟಲೆ. ನಮ್ಮಜ್ಜಿಗೆ ಓದು ಬರಹ ಬಾರದು. ಹಾಗಾಗಿ ಮನೆಯವರು ಟೇಪ್ ರೆಕಾರ್ಡರಿನಲ್ಲಿ ಖಾಲಿ ಕ್ಯಾಸೆಟ್ ಹಾಕಿ, ಒಂದು ಕಡೆ ಮನೆಮಂದಿಯ ಮಾತು, ಇನ್ನೊಂದು ಕಡೆ ಊರಿನ ಭಜನಾ ಮಂಡಳಿಯ ಪದ ತುಂಬಿ ರಜೆಗೆ ಬಂದ ಗೆಳೆಯನ ಕೈಲಿ ಕಳಿಸಿದರು. ಭಜನೆಯ ನಡುವೆ ಪಕ್ಕದ ಮನೆಯ ಮುಧೋಳ ನಾಯಿ ಒಂದೇ ಸಮನೆ ಬೊಗಳಿದ್ದೂ ರೆಕಾರ್ಡ್ ಆಗಿತ್ತು. ಲಾರಿಯ ಕ್ಯಾಬಿನ್ನಿನಲ್ಲಿ ಆ ಕ್ಯಾಸೆಟ್ ಎಷ್ಟು ಓಡಿತೆಂದರೆ ಜೊತೆಗಿದ್ದ ಪಂಜಾಬಿಗೂ ಕನ್ನಡ ಭಜನೆಯ ಪಲ್ಲವಿ ಬಾಯಿಗೆ ಬಂತಂತೆ. ‘ಪದಕ್ಕಿಂತ ನಾಯಿ ಬೊಗಳೂದು ಕೇಳಿದಾಗ ಹೊಟ್ಯಾಗ ಏನೋ ಆಗ್ತಿತ್ತು’ ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ.

ಲಂಡನ್ನಿನ ದೊಡ್ಡ ಮನುಷ್ಯರ ಲೆಕ್ಕ ತಪ್ಪಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ಮನೆ ನೆನಪಾದರೆ ಸೈನಿಕ ಕುಗ್ಗುತ್ತಾನೆ ಎಂದು ಅವರು ತಿಳಿದರು. ಅವನಿಗೆ ಮನೆ ಯಾವಾಗಲೂ ನೆನಪಿರುತ್ತದೆ, ಹಾಡು ಹೊಸದಾಗಿ ನೆನಪು ಮಾಡಿಕೊಡುವಂಥದ್ದು ಏನೂ ಇರುವುದಿಲ್ಲ. ಆ ನೆನಪು ತನ್ನೊಬ್ಬನದಲ್ಲ, ಮನೆಯವರಿಗೂ ತಾನು ನೆನಪಿದ್ದೇನೆ ಎಂದು ಹಾಡು ಅವನಿಗೆ ತಿಳಿಸುತ್ತದೆ. ‘ಬಾರ್ಡರ್’ ಸಿನಿಮಾ ಬಂದದ್ದು 1997ರಲ್ಲಿ, ನಾವು ಹುಟ್ಟುವ ಮೊದಲು. 1971ರ ಲೋಂಗೆವಾಲಾ ಕದನದ ಕಥೆ, ಬಾಂಬು ಗುಂಡು ಬೇಕಾದಷ್ಟಿವೆ. ಆದರೆ ಇಂದಿಗೂ ಸೈನಿಕರು ಗುಂಪಿನಲ್ಲಿ ಹಾಡುವುದು ಅದರಲ್ಲಿ ಊರಿನಿಂದ ಪತ್ರ ಬರುವ ಹಾಡನ್ನು. ಸೋನು ನಿಗಮ್, ರೂಪ್ ಕುಮಾರ್ ರಾಠೋಡ್ ಹಾಡಿದ್ದು. ಅದರಲ್ಲೂ ಶತ್ರುವಿನ ಹೆಸರಿಲ್ಲ.

ನಮ್ಮೂರಿನ ಮೈದಾನಕ್ಕೆ ಬೆಳಗಿನ ಐದು ಗಂಟೆಗೆ ಬಂದು ನೋಡಿ. ಅಗ್ನಿವೀರ್ ರ‍್ಯಾಲಿಗೆ ತಯಾರಾಗುವ ಹುಡುಗರು ಸುತ್ತು ಹಾಕುತ್ತಿರುತ್ತಾರೆ. ಡಿಗ್ರಿ ಮುಗಿಸಿ ಕೆಲಸ ಸಿಗದವರು, ಪಿಯುಸಿಗೆ ನಿಲ್ಲಿಸಿದವರು, ಅಪ್ಪನ ಎರಡೆಕರೆ ಹೊಲ ಸಾಲದವರು. 1600 ಮೀಟರ್ ಓಟಕ್ಕೆ ಒಂದೊಂದು ಸೆಕೆಂಡಿನ ಲೆಕ್ಕ. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಢಂ ಢಂ ಎನ್ನುವ ಹಾಡು. ಅದು ಸರಿಯಾದದ್ದೇ, ಕಾಲಿಗೆ ತಾಳ ಬೇಕು. ಅವರಲ್ಲಿ ಎಷ್ಟು ಜನ ಆಯ್ಕೆಯಾಗುತ್ತಾರೋ, ಆದವರು ಮುಂದೆ ಎಲ್ಲಿ ಕುಳಿತು ಯಾವ ಹಾಡು ಹುಡುಕುತ್ತಾರೋ.

ಕಳೆದ 2025ರ ಮೇ ತಿಂಗಳು ನಿಮಗೆಲ್ಲ ನೆನಪಿರಬೇಕು. ಪಹಲ್ಗಾಮ್ ದಾಳಿಯಾಗಿ, ಮೇ 7ರಂದು ಆಪರೇಷನ್ ಸಿಂಧೂರ ಶುರುವಾಗಿ, ನಾಲ್ಕು ದಿನ ಯಾರೂ ಸರಿಯಾಗಿ ಓದಲಿಲ್ಲ, ಮಲಗಲಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸುಗಳಲ್ಲಿ ಗುಡುಗೋ ಗುಡುಗು. ವಿಮಾನ, ಬೆಂಕಿ, ಹಿಂದೆ ಅಬ್ಬರದ ಹಾಡು. ಹಳೆಯ ವಿಡಿಯೊ ಗೇಮಿನ ದೃಶ್ಯಗಳನ್ನೇ ಯುದ್ಧ ಎಂದು ಹಂಚಿದವರೂ ಇದ್ದರು. ನಮ್ಮ ತರಗತಿಯ ಒಬ್ಬ ಹುಡುಗಿ ಆ ದಿನಗಳಲ್ಲಿ ಗ್ರೂಪಿನಿಂದ ಹೊರಗೆ ಹೋದಳು. ಅವಳ ಅಣ್ಣ ಜಮ್ಮು ಕಡೆ ಇದ್ದ, ಫೋನು ಸಿಗುತ್ತಿರಲಿಲ್ಲ. ಯಾಕೆ ಹೋದೆ ಎಂದು ಕೇಳಿದ್ದಕ್ಕೆ, ‘ನಿಮ್ಮ ಸ್ಟೇಟಸ್ ನೋಡಿದ್ರ ನಮ್ಮವ್ವ ಇನ್ನೂ ಅಂಜತಾಳ. ಆಕಿಗೆ ಎಲ್ಲಾ ಢಂ ಅನ್ನೂದು ಅಣ್ಣನ ತಲಿಮ್ಯಾಲ ಬಿದ್ದಂಗ ಕೇಳಸ್ತೈತಿ’ ಎಂದಳು. ಅಲ್ಲಿದ್ದ ಯಾರೂ ಮಾತಾಡಲಿಲ್ಲ. ಗುಡುಗಿನ ಹಾಡು ದೂರ ಕುಳಿತ ನಮಗೆ ಬೇಕಾಗಿರುತ್ತದೆ, ನಮ್ಮ ಅಂಜಿಕೆಗೆ ಅದು ಔಷಧ. ಅದನ್ನು ಸೈನಿಕನ ಹೆಸರಿನಲ್ಲಿ ಹಾಕಿಕೊಳ್ಳುತ್ತೇವೆ, ಅಷ್ಟೆ.

ಮೇ 10ರಂದು ಗುಂಡು ನಿಂತಿತು. ಎರಡು ದಿನ ಬಿಟ್ಟು ಅವಳ ಅಣ್ಣ ಫೋನು ಮಾಡಿದ. ಅವ್ವ ಅಳುತ್ತಲೇ ಊಟ ಆಯಿತಾ ಎಂದು ಕೇಳಿದಳಂತೆ. ಅವನು ಆಯಿತು ಎಂದವನೇ, ಈ ಸಲದ ಜಾತ್ರೆಯಲ್ಲಿ ಹರದೇಶಿ–ನಾಗೇಶಿ ಪದ ಇತ್ತಾ, ಯಾರು ಗೆದ್ದರು ಎಂದು ಕೇಳಿದನಂತೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುವವರು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುವವರು. ಬೆಳಗಿನವರೆಗೆ ಡಪ್ಪಿನ ಮೇಲೆ ಜಗಳ. ಗೆಳತಿಗೆ ಉತ್ತರ ಗೊತ್ತಿರಲಿಲ್ಲ. ಓಣಿಯ ಹುಡುಗನೊಬ್ಬನ ಫೋನಿನಲ್ಲಿ ನಾಲ್ಕು ನಿಮಿಷದ ರೆಕಾರ್ಡಿಂಗ್ ಸಿಕ್ಕಿತು, ಅದನ್ನೇ ಅಣ್ಣನಿಗೆ ಕಳಿಸಿದಳು. ಪದಕ್ಕಿಂತ ಜನರ ಗದ್ದಲವೇ ಜಾಸ್ತಿ ಇತ್ತು ಅದರಲ್ಲಿ. ಗೆದ್ದದ್ದು ನಾಗೇಶಿಯವರು.